ಹಗ್ಗ ಕಟ್ಟಿದ ಜಾಗ

ಶವದ ಗಾಡಿಯ ಬಾಗಿಲು ಇನ್ನೇನು ಮುಚ್ಚಬೇಕು, ಎಲೆಯಮ್ಮ ಏದುಸಿರು ಬಿಡುತ್ತ ಬಂದು ಕೈ ಅಡ್ಡ ಹಿಡಿದಳು. ತೀರಿಕೊಂಡವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು. ಕಂಪ್ಯೂಟರಿನಲ್ಲಿ ಅವರು ಕಾಂಡ, ಕೊಂಬೆ ಕಟ್ಟಿ ಕೊಟ್ಟರೆ ಇವಳು ಎಲೆ ತೊಡಿಸುವಳು. ಅದಕ್ಕೇ ಕಚೇರಿಯಲ್ಲಿ ಆ ಹೆಸರು. ಉದ್ಯಾನಗಳ ಚಿತ್ರ ಮಾಡುವವರು ಆ ಸಿದ್ಧ ಮರಗಳನ್ನು ಕೊಂಡು, ತಮ್ಮ ಚಿತ್ರದಲ್ಲಿ ಹಾಗೇ ನೆಟ್ಟುಕೊಳ್ಳುವರು.

"ಅಕ್ಕಾ, ನಿಮ್ಮ ಮರ ಸಿಕ್ತು. ಹೊಸ ಪಾರ್ಕಿನ ಬೇಲಿಗೆ ಕಟ್ಟಿರೋ ಚಿತ್ರದಲ್ಲಿದೆ. ಇವತ್ತೇ ಚಿತ್ರ ಬಿಚ್ತಾ ಇದಾರೆ, ಅರ್ಧ ಬಿಚ್ಚಾಯ್ತು."

ಗಂಡನ ಕಾಲ ಬಳಿ ಕೂತಿದ್ದ ಹೆಂಡತಿ ತಲೆಯೆತ್ತಿದಳು. "ಯಾವ ಮರ?" ಎಂದಳು, ಗೊತ್ತಿದ್ದೂ.

*

ಮನೆಯ ಹಿಂದೆ ಇದ್ದದ್ದು ಒಂದೇ ಮರ. ಮದುವೆಯಾದ ವರ್ಷ ಅವಳು ತುದಿಗಾಲಲ್ಲಿ ನಿಂತು ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಳು. ಇಪ್ಪತ್ತಾರು ವರ್ಷ ಹಗ್ಗ ಗೋಡೆಯ ಕಡೆಗೆ ಜಗ್ಗಿ ಜಗ್ಗಿ, ಆಚೆ ಬದಿಯ ತೊಗಟೆಯಲ್ಲಿ ತುಟಿಯಂಥ ಗಾಯ ಮೂಡಿತ್ತು. ರಸ್ತೆ ಅಗಲ ಮಾಡುವವರು ಬಂದು, ಕಡಿಯಲೆಂದು ಕಾಂಡದ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದು ಹೋದ ದಿನ ಅವಳು ಊಟ ಬಿಟ್ಟಳು.

ಗಂಡ ಮೂರು ದಿನ ರಜೆ ಹಾಕಿದರು. ಏಣಿ ಹತ್ತಿ ಇಳಿದು, ಅಳತೆಪಟ್ಟಿ ಹಿಡಿದು, ನಾನೂರು ಫೋಟೊ ತೆಗೆದರು. "ನೀನು ಹಗ್ಗ ಕಟ್ಟಿದ ಜಾಗದ ಸಮೇತ ಕಂಪ್ಯೂಟರಲ್ಲಿ ಎತ್ತಿಡ್ತೀನಿ ಕಣೇ," ಎಂದರು.

ಸಿದ್ಧ ಮರವೆಂದರೆ ಯಾರ ಅಂಗಳಕ್ಕೂ ಒಗ್ಗಬೇಕು, ಗಾಯಗೀಯ ಕೂಡದು ಎಂದು ಕಚೇರಿಯ ಯಜಮಾನನ ಕಟ್ಟಪ್ಪಣೆ. ಮರ ಮಾರಾಟಕ್ಕೆ ಬಂದಾಗ ಅವಳು ಅದರ ಚಿತ್ರ ಹುಡುಕಿ ನೋಡಿದಳು. ಕಾಂಡ ನುಣ್ಣಗಿತ್ತು. ಕೇಳಿದರೆ ಅವರದು ಒಂದೇ ಮಾತು, ಇದೆ ಕಣೇ. ತೋರಿಸಿ ಎಂದರೆ ಫೈಲು ಮನೆಗೆ ತರುವಂತಿಲ್ಲ. ಆಮೇಲೆ ನಾಲ್ಕು ವರ್ಷ, ಆ ಮರದ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುವಳು.

*

ಸ್ಮಶಾನದವರು ಹನ್ನೊಂದಕ್ಕೆ ಹೇಳಿದ್ದಾರೆ, ಹೆಣ ಇಟ್ಟುಕೊಂಡು ಊರು ಸುತ್ತುವುದುಂಟೇ ಎಂದು ಅವಳ ತಮ್ಮ ಸಿಡುಕಿದ. ಡ್ರೈವರು ಕನ್ನಡಿಯಲ್ಲಿ ನೋಡಿ, "ದಾರೀಲೇ ಇದೆ ಸಾರ್. ಇವರಿಗೇನೂ ಅವಸರ ಇದ್ದಂಗಿಲ್ಲ," ಎಂದ. ತಮ್ಮ ದುರುಗುಟ್ಟಿದ, ಮರುಗಳಿಗೆ ಅವನಿಗೇ ನಗು ಬಂತು. "ಭಾವ ಆಗಿದ್ರೆ ಇಷ್ಟೊತ್ತಿಗೆ ಇಳಿದು ಓಡ್ತಿದ್ರು. ನಡಿ ಮಾರಾಯ."

ಗಾಡಿ ಓಡುತ್ತಿರುವಾಗಲೇ ಎಲೆಯಮ್ಮ ಹೇಳಿದಳು. ಅಣ್ಣ ಗಾಯ ಅಳಿಸಿರಲೇ ಇಲ್ಲ. ಇಡೀ ಮರವನ್ನೇ ತಿರುಗಿಸಿ, ಗಾಯವನ್ನು ಹಿಂಬದಿಗೆ ಮಾಡಿ ಫೈಲು ಮುಚ್ಚಿದ್ದರು. ಯಜಮಾನ ಮುಂಬದಿ ನೋಡಿ ತಲೆಯಾಡಿಸಿದ. ಕೊಂಡವರೂ ಬಂದ ಹಾಗೇ ನೆಡುವರು, ತಿರುಗಿಸಿ ನೋಡುವ ಪುರುಸೊತ್ತು ಯಾರಿಗಿದೆ.

"ಈ ಪಾರ್ಕಿನ ಚಿತ್ರದಲ್ಲಿ ಯಾರೋ ಮರದ ಬೆನ್ನು ಮುಂದೆ ಮಾಡಿ ನೆಟ್ಟಿದಾರೆ ಅಕ್ಕಾ."

"ನಿಂಗೆ ಗೊತ್ತಿತ್ತೇನೇ?"

"ನಂಗೂ ಹೇಳಿರ್ಲಿಲ್ಲ. ಬೆಳಿಗ್ಗೆ ಬಸ್ಸಿಂದ ಕಂಡೆ. ಆಫೀಸಿಗೆ ಓಡಿ ಫೈಲು ತಿರುಗಿಸಿದ ಮೇಲೇ ನಂಬಿದ್ದು."

ಹೆಂಡತಿ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಂತಳು. ಡ್ರೈವರು ಕೂರಮ್ಮ ಎಂದದ್ದು ಅವಳಿಗೆ ಕೇಳಿಸಲಿಲ್ಲ.

ಬೇಲಿಯುದ್ದಕ್ಕೂ ಮುಂದೆ ಬರಲಿರುವ ಪಾರ್ಕಿನ ಚಿತ್ರ. ಅದರಲ್ಲಿ ಮನುಷ್ಯರು ಆಳೆತ್ತರ, ಮರಗಳು ಮರದ ಅಳತೆಗೆ. ಒಂದು ಕಡೆಯಿಂದ ಹಾಳೆಗಳು ಕಳಚಿ ಮಣ್ಣಿಗೆ ಬಿದ್ದಿದ್ದವು. ಏಣಿಗಳ ಮೇಲಿದ್ದ ಇಬ್ಬರು ಆ ಮರದ ಹಾಳೆಯ ಮೇಲಂಚನ್ನು ಆಗಲೇ ಬಿಚ್ಚಿದ್ದರು, ಅದು ಮುಂದಕ್ಕೆ ಬಾಗತೊಡಗಿತ್ತು. ಗಾಡಿ ನಿಲ್ಲುವ ಮೊದಲೇ ತಮ್ಮ ಧುಮುಕಿ, "ಬಿಡ್ಬೇಡ್ರಪ್ಪಾ, ಎತ್ತಿ ಹಿಡೀರಿ," ಎಂದು ಕೂಗುತ್ತ ಓಡಿದ.

ಅವಳು ನಡೆದು ಬಂದಳು. ಕಾಂಡದ ಮುಂದೆ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ನಿಂತು ಕೈಯೆತ್ತಿದಳು. ಗಾಯ ನೇರ ಬೆರಳಿಗೇ ಸಿಕ್ಕಿತು.

ಏಣಿಯ ಮೇಲಿನವರು ಹಿಂದೆ ಬಾಗಿಲು ತೆರೆದು ನಿಂತ ಗಾಡಿಯನ್ನೊಮ್ಮೆ ನೋಡಿದರು. ಆಮೇಲೆ ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಒದ್ದೆ ಹೊದಿಕೆ ಒಣಹಾಕುವವರಂತೆ ಹಾಳೆಯನ್ನು ಬಿಗಿಯಾಗಿ ಎಳೆದು ನಿಂತರು.