ಕುಸಿಯದ ಭೂಶಿರ

ನಾನು ಸಮುದ್ರ ಕಂಡವನಲ್ಲ. ಬಬಲೇಶ್ವರದಲ್ಲಿ ಹುಟ್ಟಿದವನಿಗೆ ಡೋಣಿ ಹೊಳೆಯೇ ಸಮುದ್ರ, ಅದೂ ಮಳೆಗಾಲದಲ್ಲಿ ಮಾತ್ರ. ಆದರೂ ನಲವತ್ತಾರನೆಯ ಇಸವಿಯಲ್ಲಿ ದಿಪೋಟಿ ಸಾಹೇಬರು ಶಾಲೆಯ ತಪಾಸಣೆಗೆ ಬರುವ ದಿನವೇ ನನ್ನ ಪಾಲಿಗೆ ಭೂಶಿರದ ಪಾಠ ಬಂತು. ಸಮುದ್ರದೊಳಕ್ಕೆ ಮೂಗಿನಂತೆ ಚಾಚಿದ ನೆಲವನ್ನು ತೆರೆಗಳು ಹೇಗೆ ಕೊರೆಯುತ್ತವೆ ಎಂದು ನಾನು ಹೇಳಬೇಕಂತೆ! ಆರು ವರ್ಷದಿಂದ ಹಂಗಾಮಿ ಮಾಸ್ತರನಾಗಿದ್ದೆ. ಸಾಹೇಬರು ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮತ್ತೆ ಅದೇ ರಾಗ, ಅದೇ ಹಾಡು.

ಮುಲ್ಕಿ, ಅಂದರೆ ಏಳನೆಯ ತರಗತಿಯವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. "ನೀರು ಕಲ್ಲ ತಿಂತೈತೇನ್ರಿ?" ಎಂದು ನಗುತ್ತಿದ್ದರು. ಕಣ್ಣಾರೆ ನೋಡಲಿ ಎಂದು ಎಮ್ಮೆ ನೀರು ಕುಡಿಯುವ ದೊಡ್ಡ ಕಲ್ಲಿನ ಬಾನಿಯನ್ನು ಅಂಗಳಕ್ಕೆ ತರಿಸಿದೆ. ಊರ ಮನೆಗಳ ಮಾಳಿಗೆಗೆ, ಅಂದರೆ ಚಾವಣಿಗೆ, ಮಣ್ಣು ಹಾಕುವ ಹುಸೇನಸಾಬರನ್ನು ಕರೆದೆ.

"ಇದರಾಗ ಒಂದು ಮಣ್ಣಿನ ಗುಡ್ಡ ಮಾಡಿಕೊಡ್ರಿ. ಮೂಗಿನಂಗ ಮುಂದ ಚಾಚಿರಬೇಕು. ಸಾಹೇಬರ ಮುಂದ ಅದಕ್ಕ ನೀರು ಬಡಿಸೂದೈತಿ."

"ಅಷ್ಟ ಏನ್ರಿ? ನಿಮ್ಮ ಮಾನ ಅಂದ್ರ ನನ್ನ ಮಾನ. ಚಿಂತಿ ಬಿಡ್ರಿ."

ಬಿಟ್ಟೆ. ತಪ್ಪಿದ್ದು ಅಲ್ಲೇ.

ತಪಾಸಣೆಯ ದಿನ ಸಾಹೇಬರು ಬಾನಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಹಲಗೆಯಿಂದ ನೀರು ನೂಕಿ ತೆರೆ ಎಬ್ಬಿಸುತ್ತ ಪಾಠ ಒಪ್ಪಿಸಿದೆ. ತೆರೆಗಳು ಭೂಶಿರವನ್ನು ಬಳಸಿ ಎರಡೂ ಮಗ್ಗುಲಿಗೆ ಬಡಿಯುತ್ತವೆ. ಮೊದಲು ಬುಡ ತಿಂದು ಗವಿ ಮಾಡುತ್ತವೆ. ಎರಡೂ ಕಡೆಯ ಗವಿಗಳು ಕೂಡಿದರೆ ಕಮಾನು. ಕಮಾನಿನ ನೆತ್ತಿ ಕುಸಿದರೆ ನೀರಿನಲ್ಲಿ ಒಂಟಿ ಕಂಬ ಉಳಿಯುತ್ತದೆ.

"ಈಗ ನೋಡ್ರಿ," ಎಂದೆ.

ಎಲ್ಲರೂ ನೋಡಿದರು. ಗುಡ್ಡ ಮಿಸುಕಲಿಲ್ಲ. ತೋಳು ಸೋಲುವ ತನಕ ಬಡಿದೆ. ನನ್ನ ಧೋತರ ತೊಯ್ದಿತು, ಸಾಹೇಬರ ಬೂಟು ತೊಯ್ದವು. ಆ ಹಾಳು ಗುಡ್ಡದಿಂದ ಒಂದು ಚಿಟಿಕೆ ಮಣ್ಣೂ ಜಾರಲಿಲ್ಲ.

"ಗವಿ ಎಲ್ಲಿ ಮಾಸ್ತರ?" ಎಂದರು ಸಾಹೇಬರು.

"ಖರೇ ಅಂದ್ರ ಸಾವಿರಾರು ವರ್ಷ ಹಿಡಿತೈತ್ರಿ."

"ನನಗ ನಾಲ್ಕರ ಮೋಟಾರಿಗೆ ವಿಜಾಪುರಕ್ಕ ಹೋಗಬೇಕಾಗೇದ."

ಏನೋ ಗೀಚಿ ಎದ್ದುಹೋದರು. ಗೀಚಿದ್ದನ್ನು ಹೆಡ್‌ಮಾಸ್ತರರು ಓದಿ ಹೇಳಿದರು: ಪ್ರಯೋಗ ವಿಫಲ, ಮುಂದಿನ ತಪಾಸಣೆಯ ತನಕ ಹಂಗಾಮಿಯೇ ಇರಲಿ.

ಅಂಗಳಕ್ಕೆ ಬಂದರೆ ಹುಸೇನಸಾಬರು ಬಾನಿಯ ಹತ್ತಿರ ಹಿರಿಹಿರಿ ಹಿಗ್ಗಿ ನಿಂತಿದ್ದರು. "ನೋಡಿದ್ರ್ಯಾ ಮಾಸ್ತರ? ಒಂದ ಹನಿ ಒಳಗ ಇಳದಿಲ್ಲ. ತಿಕೋಟಾದಿಂದ ಮಾಳಗಿ ಮಣ್ಣು ತಂದು, ಹೊಟ್ಟು ಕಲಸಿ, ಮೂರು ದಿನ ತುಳದೇನ್ರಿ."

ಸಿಟ್ಟು ನೆತ್ತಿಗೇರಿತು. "ಅದು ಬೀಳಬೇಕಾಗಿತ್ತೋ ಯಪ್ಪಾ! ಬೀಳಲಿ ಅಂತನ ಮಾಡಿಸಿದ್ದೆ!"

ಅವರ ಮುಖ ಸಣ್ಣದಾಯಿತು. ಗುಡ್ಡದ ಮೇಲೆ ಒಮ್ಮೆ ಕೈಯಾಡಿಸಿದರು.

"ಮೊದಲ ಹೇಳಿದ್ರ, ಬ್ಯಾರೆಯವರನ್ನ ಕರೀರಿ ಅಂತಿದ್ದೆ. ಬೀಳೂದನ್ನ ಕಟ್ಟಾಕ ಈ ಕೈಗೆ ಬರೂದಿಲ್ರಿ."

ನನ್ನ ಮನೆಯ ಮಾಳಿಗೆಗೆ ಮಣ್ಣು ಹಾಕಿದವರೂ ಅವರೇ. ಹತ್ತು ಮಳೆಗಾಲ ಕಳೆದರೂ ಒಂದು ಹನಿ ಸೋರಿಲ್ಲ. ಆ ಮನುಷ್ಯನಿಗೆ ಏನೆಂದು ಬೈಯಲಿ?