ಕಡವಿನ ಮೇಸ್ತ್ರಿಯ ಗಂಟಲು

ಹೊಳೆಯ ಆಚೆ ದಡಕ್ಕೆ ಮೂರು ದಾರಿ. ರೈಲು ಬೆಳಿಗ್ಗೆ ಒಂದೇ. ಸೇತುವೆ ಸುತ್ತಿಕೊಂಡು ಹೋಗುವ ಬಸ್ಸಿಗೆ ಮೂರು ಗಂಟೆ. ಹೊಳೆ ದಾಟುವ ಕಡವಿನವರೆಗೆ ಬಸ್ಸು, ಅಲ್ಲಿಂದ ಲಾಂಚ್ ಹಿಡಿದರೆ ಒಂದೂಕಾಲು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ರೇಡಿಯೋ ಇದನ್ನು ದಿನಕ್ಕೆ ಇನ್ನೂರು ಸಲ ಒದರುತ್ತಿದ್ದ. ಬೇಸರ ಕಳೆಯಲು ಒಮ್ಮೆ ಮ್ಯಾನೇಜರನ ಮೂಗುದನಿಯಲ್ಲಿ, ಒಮ್ಮೆ ಹಲ್ಲಿಲ್ಲದ ಕಾವಲುಗಾರನ ದನಿಯಲ್ಲಿ. ಆ ಹೆಸರು ಅಂಟಿದ್ದೇ ಹಾಗೆ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಲಾಂಚ್ ನೋಡಿಕೊಳ್ಳುವ ಕಡವಿನ ಮೇಸ್ತ್ರಿಯ ಕೆಮ್ಮುಗಂಟಲು. ಆ ಗಂಟಲಲ್ಲಿ ಕಡವಿನ ಬಸ್ಸಿನ ಡ್ರೈವರಿಗೆ ಫೋನ್ ಮಾಡಿ, ಲಾಂಚ್ ಕೆಟ್ಟಿದೆ, ಸೇತುವೆ ರಸ್ತೆಯ ಕವಲಿನಲ್ಲೇ ಜನರನ್ನು ಇಳಿಸು ಎಂದು ತಮಾಷೆಗೆ ಎರಡು ಸಲ ಬಸ್ಸು ನಿಲ್ಲಿಸಿದ್ದ. ಪ್ರಯಾಣಿಕರ ಬೈಗುಳವನ್ನು ಡ್ರೈವರು ಹೊಟ್ಟೆ ತುಂಬ ತಿಂದಿದ್ದ.

ಇವತ್ತು ಒಂದೂವರೆಗೆ ಅವನ ಅಕ್ಕ ಏದುಸಿರು ಬಿಡುತ್ತ ಬಂದಳು. ಭಾವ ಆಚೆ ದಡದ ಆಸ್ಪತ್ರೆಯಲ್ಲಿದ್ದರು. ಸಕ್ಕರೆ ಕಾಯಿಲೆಗೆ ಕಾಲು ಕಪ್ಪಗಾಗಿತ್ತು. ಕತ್ತರಿಸಲು ಅವಳ ಒಪ್ಪಿಗೆ ಬೇಕು, ಡಾಕ್ಟರು ಇರುವುದು ಐದರವರೆಗೆ. ಫೋನನ್ನು ತಮ್ಮನ ಮೇಜಿನ ಚಾರ್ಜರಿಗೆ ಸಿಕ್ಕಿಸಿ ಹೇಳಿದಳು: "ಅವರ ಮುಖ ನೋಡಿ, ಅವರನ್ನೇ ಕೇಳಿ, ಆಮೇಲೆ ಸೈನು. ಅಲ್ಲೀವರೆಗೆ ನನ್ನ ಬಾಯಿಂದ ಹೂಂ ಬರಲ್ಲ ಕಣೋ."

ಹೊರಟು ನಿಂತಿದ್ದ ಕಡವಿನ ಬಸ್ಸಿಗೆ ರೇಡಿಯೋ ಅವಳನ್ನು ದಬ್ಬಿ ಬಂದ. ಫೋನು ಮೇಜಿನ ಮೇಲೇ ಉಳಿಯಿತು.

ಹತ್ತೇ ನಿಮಿಷಕ್ಕೆ ಮೇಸ್ತ್ರಿಯ ಕರೆ, ಅಸಲಿ ಕೆಮ್ಮಿನ ಸಮೇತ. ಲಾಂಚಿನ ಇಂಜಿನ್ ಕೈಕೊಟ್ಟಿದೆ. ತಾನೇ ಡ್ರೈವರಿಗೆ ತಿಳಿಸಿದರೆ, ಸಾಕು ಬಿಡೋ ರೇಡಿಯೋ ಎಂದು ಅವನು ಫೋನ್ ಇಟ್ಟನಂತೆ.

ರೇಡಿಯೋ ಗಡಿಯಾರ ನೋಡಿದ. ಸೇತುವೆಯ ಬಸ್ಸು ಎರಡಕ್ಕೆ ಕವಲು ದಾಟುತ್ತದೆ. ಅಲ್ಲಿ ಇಳಿಸಿದರೆ ಅಕ್ಕ ನಾಲ್ಕೂವರೆಗಾದರೂ ಮುಟ್ಟುತ್ತಾಳೆ. ಡ್ರೈವರಿಗೆ ಫೋನ್ ಹಚ್ಚಿದ.

"ಅಣ್ಣಾ, ಲಾಂಚ್ ನಿಜವಾಗ್ಲೂ ಕೆಟ್ಟಿದೆ. ಬಸ್ಸಲ್ಲಿ ನಮ್ಮಕ್ಕ ಇದ್ದಾಳೆ, ಕವಲಲ್ಲಿ ಇಳಿಸಿಬಿಡು."

"ಹೋದ ಸಲ ಮೇಸ್ತ್ರಿ ದನಿ ಇತ್ತಲ್ಲ? ಈ ಅಳುಮುಂಜಿ ದನಿ ಯಾರದಪ್ಪಾ, ಹೊಸದು?"

"ನನ್ನದೇ ಅಣ್ಣಾ."

"ಚೆನ್ನಾಗೇ ಕಲ್ತಿದ್ದೀಯ," ಎಂದ ಡ್ರೈವರು ಫೋನನ್ನೇ ಆರಿಸಿಬಿಟ್ಟ.

ಗಡಿಯಾರ ಎರಡು ದಾಟಿತು. ಎರಡೂಕಾಲಿಗೆ ಅಕ್ಕನ ಫೋನು ಮೇಜಿನ ಮೇಲೆ ಗುರುಗುಟ್ಟಿತು. ಆಸ್ಪತ್ರೆಯ ನರ್ಸು. ನಂಜು ಏರುತ್ತಿದೆ, ಐದರವರೆಗೆ ಕಾಯುವ ಹಾಗಿಲ್ಲವಂತೆ.

"ಪೇಶಂಟ್ ಹೆಂಡ್ತಿ ಅಲ್ವಾ? ಫೋನಲ್ಲೇ ಹೂಂ ಅನ್ನಿ ಸಾಕು, ಬರ್ಕೊತೀವಿ."

ಅಕ್ಕನ ದನಿ ಅವನಿಗೆ ಚಿಕ್ಕಂದಿನಿಂದ ಕರಗತ. ಅದರಲ್ಲಿ ಹೆತ್ತ ಅಮ್ಮನನ್ನೇ ಏಮಾರಿಸಿದ್ದ. ಹೂಂ ಎಂಬುದು ನಾಲಿಗೆಯ ತುದಿಗೆ ಬಂದು ಕೂತಿತು. ಅಂದುಬಿಟ್ಟರೆ ಭಾವನ ಜೀವ ಉಳಿದೀತು. ಆದರೆ ಅದು ಅಕ್ಕ ಆಡದ ಮಾತು.

"ನಾನು ಅವರ ತಮ್ಮ," ಎಂದ. ಆ ದನಿ ಅವನಿಗೇ ಅಪರಿಚಿತವಾಗಿತ್ತು. "ಹತ್ತು ನಿಮಿಷ ಕೊಡಿ. ಅಕ್ಕನೇ ಫೋನ್ ಮಾಡ್ತಾಳೆ. ಆಗ ಮೊದಲು ಭಾವನ ಕಿವಿಗೆ ಫೋನ್ ಹಿಡೀರಿ."

ಹತ್ತಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ ಎಂದಳು ನರ್ಸು.

ಮೇಸ್ತ್ರಿಗೆ ಫೋನ್ ಒತ್ತಿದ. ಬಸ್ಸು ಈಗಷ್ಟೇ ಕಡವಿಗೆ ಬಂದು ನಿಂತಿತ್ತು. ಹಸಿರು ಸೀರೆಯ ಹೆಂಗಸನ್ನು ಹುಡುಕಿ ಫೋನ್ ಕೊಡಿ ಎಂದು ಒಂದೇ ಉಸಿರಿಗೆ ಬೇಡಿಕೊಂಡ.

"ಮೊದಲು ಯಾರು ಮಾತಾಡ್ತಿರೋದು ಅಂತ ಹೇಳಪ್ಪಾ," ಮೇಸ್ತ್ರಿ ಕೆಮ್ಮಿದ.

ಅವನು ಅಪ್ಪ ಅಮ್ಮ ಇಟ್ಟ ಹೆಸರು ಹೇಳಿದ.

ಆ ಹೆಸರಿನವರು ಯಾರೂ ಮೇಸ್ತ್ರಿಗೆ ಗೊತ್ತಿರಲಿಲ್ಲ.