ದ್ರಾಕ್ಷಿ ಬಳ್ಳಿಗೆ ನಾನು ಕುಡುಗೋಲು ಹಾಕಿದ್ದು

ನನ್ನ ನಾಲಿಗೆ ಒಳ್ಳೆಯದಲ್ಲ. ಬನವಾಸಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಕಲ್ಲವ್ವನ ಬಾಯಿಗೆ ಬೀಳಬೇಡಿ ಎಂದು. ಊರವರಿಗೆ ಆಡಿದ ಮಾತಿಗೆಲ್ಲ ನನಗೇನೂ ಪಶ್ಚಾತ್ತಾಪವಿಲ್ಲ, ಹೆಚ್ಚಿನವರು ಅದಕ್ಕೆ ಲಾಯಕ್ಕಾದವರೇ. ಆದರೆ ಸೊಸೆ ಪಾರ್ವತವ್ವನಿಗೆ ಆಡಿದ ಒಂದು ಮಾತು ಎರಡು ವರ್ಷ ನನ್ನನ್ನು ಸುಡುತ್ತಿತ್ತು.

ಅವಳ ತವರು ಹಾವೇರಿ ಕಡೆ. ಅಪ್ಪನಿಗೆ ದ್ರಾಕ್ಷಿ ಚಪ್ಪರವಿತ್ತು. ಮದುವೆಯಾಗಿ ಬರುವಾಗ ಬಳ್ಳಿಯ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಹಿತ್ತಿಲಲ್ಲಿ ನೆಟ್ಟದ್ದು ಮೂರು ವರ್ಷಕ್ಕೆ ಚಪ್ಪರ ತುಂಬಿತು. ಗೊಂಚಲೇನೋ ಲೆಕ್ಕವಿಲ್ಲದಷ್ಟು, ಹಣ್ಣು ಮಾತ್ರ ಕಾಳುಮೆಣಸಿನಷ್ಟು, ಹುಳಿ ಅಂದರೆ ಹುಳಿ. ಮಳೆಗಾಲ ಮುಗಿದ ಮೇಲೆ ಕೊಂಬೆಗಳನ್ನು ಗಿಡ್ಡಗೆ ಕೊಯ್ಯಬೇಕು, ಗೊಂಚಲು ಕಡಿಮೆಯಾದರೂ ಹಣ್ಣು ದಪ್ಪವಾಗುತ್ತದೆ ಎಂದು ಅವಳು ಹೇಳಿದಳು. ನಾನು ಬಿಡಲಿಲ್ಲ. ಮೊದಲ ಬಸಿರು ಹಿಂದಿನ ವರ್ಷ ಇಳಿದುಹೋಗಿತ್ತು, ಆಗ ಎರಡನೆಯದು ನಿಂತಿತ್ತು. ಬಸುರಿ ಇರುವ ಮನೆಯಲ್ಲಿ ಕುಡಿ ಕೊಯ್ಯಬಾರದು. ಬಳ್ಳಿಯ ತುದಿಗೂ ಕುಡಿ ಎನ್ನುತ್ತೇವೆ, ಮನೆಗೆ ಹುಟ್ಟುವ ಕೂಸಿಗೂ ಕುಡಿ ಎನ್ನುತ್ತೇವೆ.

ನಾನು ಸಂತೆಗೆ ಹೋದಾಗ ಅವಳು ಒಂದೇ ಒಂದು ಕೊಂಬೆ ಕೊಯ್ದುಬಿಟ್ಟಿದ್ದಳು. ಅದೇ ತಿಂಗಳು ಹೊಟ್ಟೆಯಲ್ಲಿದ್ದದ್ದು ಹೋಯಿತು. ಗೋಡೆಗೆ ಮುಖ ಮಾಡಿ ಮಲಗಿದ್ದವಳಿಗೆ ನಾನು ಹೇಳಿದೆ, "ನನ್ನ ಮನಿ ಕುಡಿ ನೀನ ಕೊಯ್ದಿ."

ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಂದಿನಿಂದ ಬಳ್ಳಿಗೆ ಯಾರೂ ಕುಡುಗೋಲು ತಾಗಿಸಲಿಲ್ಲ.

ಆ ಬೇಸಿಗೆ ಚಪ್ಪರವೆಲ್ಲ ಎಂದಿನಂತೆ ಪುಟಾಣಿ ಕಾಯಿ. ಕೊಯ್ದ ಕೊಂಬೆಯಲ್ಲಿ ಮಾತ್ರ ಎರಡೇ ಗೊಂಚಲು, ಒಂದೊಂದು ಹಣ್ಣೂ ಗೋಲಿಯಷ್ಟು. ಒಂದನ್ನು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು. ಅವಳು ಬಳ್ಳಿಗೆ ಕೇಡು ಮಾಡಿರಲಿಲ್ಲ, ತಿಳಿದೇ ಕೊಯ್ದಿದ್ದಳು. ಅವಳ ಕಣ್ಣಿಗೆ ಬೀಳಬಾರದೆಂದು ಎರಡೂ ಗೊಂಚಲು ಕಿತ್ತು ಎಮ್ಮೆಗೆ ಹಾಕಿದೆ. ಬಿದ್ದರೆ ನಾನು ತಪ್ಪು ಒಪ್ಪಬೇಕಾಗುತ್ತಿತ್ತಲ್ಲ! ಅಂಥ ಹೆಂಗಸು ನಾನು.

ಸಿದ್ದಾಪುರ ಸೀಮೆಯಲ್ಲಿ ಕರನಿರಾಕರಣೆ ನಡೆದ ಮರುವರ್ಷ ಅವಳು ಮತ್ತೆ ಬಸುರಾದಳು. ನಾಲ್ಕು ತಿಂಗಳಾದರೂ ನೆಟ್ಟಗೆ ಉಣ್ಣಲಿಲ್ಲ. ಹಿತ್ತಿಲ ಕಡೆ ಸುಳಿಯುತ್ತಿರಲಿಲ್ಲ. ಸೊಪ್ಪು ಸೋಸುವಾಗ ಎಳೆ ತುದಿ ಮುರಿಯಲಿಕ್ಕೂ ಹೆದರುತ್ತಾಳೆ ಎಂದು ಮಗ ಶಿವಲಿಂಗಪ್ಪ ಹೇಳಿದಾಗ, ಆ ಹೆದರಿಕೆ ಹಚ್ಚಿದ್ದು ನನ್ನ ಮಾತೇ ಎಂದು ತಿಳಿಯಿತು.

ದೀಪಾವಳಿ ಮುಗಿದ ಸೋಮವಾರ ಅವಳ ಕೈಹಿಡಿದು ಹಿತ್ತಿಲಿಗೆ ಕರೆತಂದು ಮಣೆ ಹಾಕಿ ಕೂರಿಸಿದೆ. ಕುಡುಗೋಲು ತೆಗೆದುಕೊಂಡು ಬಳ್ಳಿಗೆ ಹಾಕಿದೆ. ನನ್ನ ನಂಬಿಕೆ ಎಲ್ಲಿಗೂ ಹೋಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ; ಮನಸ್ಸಿನಲ್ಲೇ ದೇವರಿಗೆ ತಪ್ಪುಕಾಣಿಕೆ ಮುಡಿಪಿಟ್ಟು ಒಂದು ಕೊಂಬೆ ಕೊಯ್ದೆ. ಅವಳು ಗಾಬರಿಯಿಂದ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು. ಆಗ ಎಮ್ಮೆಗೆ ಹಾಕಿದ ಗೊಂಚಲಿನ ವಿಷಯ ಹೇಳಿದೆ. ನೀನು ಕೊಯ್ದದ್ದು ಸರಿಯಾಗಿತ್ತು, ನನ್ನ ಮಾತೇ ತಪ್ಪು ಎಂದೆ.

ಅವಳು ನನ್ನ ಮಣಿಕಟ್ಟು ಬಿಟ್ಟು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಇದೂ ಉಳೀಲಿಲ್ಲಂದ್ರ, ಅತ್ತಿ?"

"ಉಳೀಲಿಲ್ಲಂದ್ರ ನಿನ್ನ ಮಗ್ಗಲಾಗ ಕುಂತು ನಾನೂ ಅಳತೀನಿ. ನಿನ್ನಿಂದ ಆತು ಅನ್ನೂ ಮಾತು ಈ ಬಾಯಾಗ ಇನ್ನ ಬರೂದಿಲ್ಲ."

ನನ್ನ ಹೆಗಲಿಗೆ ಹಣೆ ಇಟ್ಟು ಎರಡು ವರ್ಷದ ಅಳುವನ್ನೆಲ್ಲ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನಾನು ಕೊಯ್ದ ಕೊಂಬೆಯನ್ನು ನೋಡಿದಳು. ಇಷ್ಟು ವಯಸ್ಸಾದರೂ ಕೊಯ್ಯಲಿಕ್ಕೆ ಬರುವುದಿಲ್ಲವಲ್ಲ ಎಂದು ನನ್ನನ್ನು ಗದರಿದಳು. ಕುಡುಗೋಲು ಕಸಿದುಕೊಂಡು, ಚಿಗುರೊಡೆಯುವ ಕಣ್ಣು ಕೊಂಬೆಗೆ ಎರಡೆರಡು ಉಳಿಸಿ, ಕುಡಿಗಳನ್ನೆಲ್ಲ ತಾನೇ ಕೊಯ್ಯತೊಡಗಿದಳು.